ಹಳೇ ಸೈಕಲ್ ಹಾಯಾಗಿ ಓಡಬೇಕಾ? ಮೊದಲು ಟೈರು ನೋಡಿ

[ದೃಶ್ಯ: ಹಳೇ ಸೈಕಲ್‌ನ ಮುಂದಿನ ಚಕ್ರ]

ನಮಸ್ಕಾರ. ಸೈಕಲ್ ತುಳಿದು ಕೈ ಜೋಮು ಹಿಡಿಯುತ್ತೆ, ಸೊಂಟ ಹಿಡ್ಕೊಳ್ಳುತ್ತೆ ಅನ್ನೋರು ಸಾಮಾನ್ಯವಾಗಿ ಮೊದಲು ಕೊಳ್ಳೋದು ಮೆತ್ತನೆ ಜೆಲ್ ಸೀಟು. ಸ್ವಲ್ಪ ತಡೀರಿ. ದುಡ್ಡು ಮೊದಲು ಹಾಕಬೇಕಾದ್ದು ಟೈರಿಗೆ.

ರಸ್ತೆಯ ಕುಲುಕಾಟ ಮೈಗೆ ತಾಗೋ ಮುಂಚೆ ಅದನ್ನ ನುಂಗೋದು ಟೈರಿನೊಳಗಿನ ಗಾಳಿ. ಬೆಲ್‌ಫಾಸ್ಟ್‌ನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ 1887ರಲ್ಲಿ ಮಗನ ಮೂರು ಚಕ್ರದ ಸೈಕಲ್‌ಗೆ ಗಾಳಿ ಟೈರು ಮಾಡಿಕೊಟ್ಟಿದ್ದೂ ಈ ಸುಖಕ್ಕಾಗಿಯೇ. ಟೈರು ದಪ್ಪ ಆದಷ್ಟೂ ಕಡಿಮೆ ಗಾಳಿಯಲ್ಲಿ ಓಡಿಸಬಹುದು, ಸವಾರಿ ಮೆತ್ತಗಾಗುತ್ತೆ.

[ದೃಶ್ಯ: ಟೈರಿನ ಪಕ್ಕದ ಬರಹ, ತೀರಾ ಹತ್ತಿರದಿಂದ]

ಇಲ್ನೋಡಿ, 28-622 ಅಂತಿದೆ. 28 ಅಂದ್ರೆ ಟೈರಿನ ಅಗಲ, 622 ಅಂದ್ರೆ ರಿಮ್ ಮೇಲೆ ಟೈರು ಕೂರೋ ಜಾಗದ ವ್ಯಾಸ, ಎರಡೂ ಮಿಲಿಮೀಟರ್‌ನಲ್ಲಿ. ಎರಡನೇ ಸಂಖ್ಯೆ ಒಂದಿಷ್ಟೂ ಬದಲಾಗಬಾರದು. ಹಳೇ 27 ಇಂಚಿನ ರಿಮ್ 630, ಈಗಿನ 700ಸಿ ಅನ್ನೋ ಅಳತೆಯ ರಿಮ್ 622. ಕಣ್ಣಿಗೆ ಒಂದೇ ಥರ ಕಂಡ್ರೂ ಒಂದರ ಟೈರು ಇನ್ನೊಂದಕ್ಕೆ ಕೂರಲ್ಲ. 26 ಇಂಚಲ್ಲಂತೂ 559, 590, 597 ಅಂತ ಬೇರೆ ಬೇರೆ ಇವೆ. ಹಾಗಾಗಿ ಇಂಚು ನಂಬಿ ಟೈರು ತರಬೇಡಿ.

ಮೊದಲನೇ ಸಂಖ್ಯೆ ಹೆಚ್ಚಿಸಬಹುದು, ಜಾಗ ಇದ್ರೆ. ಫೋರ್ಕ್ (ಮುಂಚಕ್ರ ಹಿಡಿದಿರೋ ಕವಲು), ಬ್ರೇಕ್, ಮಡ್‌ಗಾರ್ಡ್, ಹಿಂದೆ ಚೈನ್ ಪಕ್ಕದ ಕೊಳವೆ, ಎಲ್ಲೂ ಉಜ್ಜದ ಹಾಗೆ ಸುತ್ತ ನಾಲ್ಕೈದು ಮಿಲಿಮೀಟರ್ ಬಿಡಿ. ಗಾಳಿ ಟೈರಿನ ಮೇಲೆ ಬರೆದ ಮಿತಿಯೊಳಗೇ ಇರಲಿ. ತೀರಾ ಇಳಿಸಿದ್ರೆ ಗುಂಡಿಗೆ ಬಿದ್ದಾಗ ಟ್ಯೂಬು ರಿಮ್‌ಗೆ ಸಿಕ್ಕಿ ಪಂಚರ್ ಆಗುತ್ತೆ.

[ದೃಶ್ಯ: ಹ್ಯಾಂಡಲ್ ಕೊಳವೆ]

ಕೈ ನೋವಿಗೆ ಹ್ಯಾಂಡಲ್ ಎತ್ತರಿಸಿ. ಹಳೇ ಸೈಕಲ್‌ಗಳಲ್ಲಿ ಇದಕ್ಕೆ ಖರ್ಚೇ ಇಲ್ಲ. ಮೇಲಿನ ಬೋಲ್ಟ್ ಕೆಲವು ಸುತ್ತು ಸಡಿಲಿಸಿ, ಅದರ ತಲೆ ಮೇಲೆ ಮರದ ತುಂಡಿಟ್ಟು ಮೆಲ್ಲಗೆ ತಟ್ಟಿದ್ರೆ ಒಳಗಿನ ಬೆಣೆ ಬಿಡುತ್ತೆ. ಆಮೇಲೆ ಹ್ಯಾಂಡಲ್ ಮೇಲಕ್ಕೆಳೆದು ಬೋಲ್ಟ್ ಬಿಗಿ ಮಾಡಿ. ಕೊಳವೆ ಮೇಲೊಂದು ಗೆರೆ ಇರುತ್ತೆ, ಅದು ಹೊರಗೆ ಕಾಣೋವಷ್ಟು ಎಳೀಲೇಬೇಡಿ. ಕೊಳವೆ ಮುರಿದ್ರೆ ಹ್ಯಾಂಡಲ್ ಕೈಗೇ ಬರುತ್ತೆ.

ಸೀಟಿನ ಎತ್ತರ ಸುಲಭ: ಕೆಳಗಿರೋ ಪೆಡಲ್ ಮೇಲೆ ಹಿಮ್ಮಡಿ ಇಟ್ಟಾಗ ಕಾಲು ನೆಟ್ಟಗಾಗಬೇಕು.

ಇಷ್ಟಾದ್ಮೇಲೂ ಕೂತಲ್ಲಿ ನೋವಿದ್ರೆ ಹೊಸ ಸೀಟು ನೋಡಿ. ಮೆತ್ತಗಿದ್ರೆ ಸಾಲದು, ಕೂರೋ ಮೂಳೆ ಎರಡೂ ಅದರ ಮೇಲೆ ಸರಿಯಾಗಿ ಊರೋವಷ್ಟು ಅಗಲ ಇರಬೇಕು. ಶಾಕ್ ಇರೋ ಫೋರ್ಕ್ ಮಾತ್ರ ಬೇಡ ಅಂತೀನಿ. ಅದು ಹಳೇ ಫ್ರೇಮಿನ ಮುಂಭಾಗ ಎತ್ತರಿಸಿ ಸೈಕಲ್ ತಿರುಗೋ ರೀತಿಯನ್ನೇ ಬದಲಾಯಿಸಿಬಿಡುತ್ತೆ.

[ದೃಶ್ಯ: ಮುಂಚಕ್ರ ಮೊಣಕಾಲ ನಡುವೆ]

ಹೊರಡೋ ಮುಂಚೆ ಚಕ್ರ ಹೀಗೆ ಅದುಮಿ ಹಿಡಿದು ಹ್ಯಾಂಡಲ್ ತಿರುಗಿಸಿ ನೋಡಿ. ಜಾರಿದ್ರೆ ಬೋಲ್ಟ್ ಇನ್ನೂ ಬಿಗಿ ಮಾಡಿ. ಬ್ರೇಕ್ ಕೇಬಲ್ ಎಳೆದ ಹಾಗಾಗಿದ್ರೆ ಉದ್ದದ್ದು ಹಾಕಿಸಿ.