ಕರಡ ಕೊಯ್ಯುವ ತನಕ

ಕೇಳುಗರೆಲ್ಲರಿಗೂ ನಮಸ್ಕಾರ.

ಎರಡು ವರ್ಷದ ಹಿಂದಿನ ಮಾತು. ಚೌತಿ ಹಬ್ಬಕ್ಕೆ ನಾಲ್ಕು ದಿನ ಇತ್ತು. ನೆಂಟರು ಬರುತ್ತಾರೆ, ಮನೆ ಸುತ್ತ ಸ್ವಲ್ಪ ಚೊಕ್ಕ ಮಾಡು ಅಂತ ಕೆಲಸದ ಹುಡುಗನಿಗೆ ಹೇಳಿ ನಾನು ಪೇಟೆಗೆ ಹೋದೆ. ಸಂಜೆ ಬಂದು ನೋಡಿದರೆ ಹಿತ್ತಿಲಾಚೆಯ ಬ್ಯಾಣ, ಅಂದರೆ ನಮ್ಮ ಹುಲ್ಲುಗಾವಲು, ಅದೂ ನುಣ್ಣಗಾಗಿತ್ತು. ವೀಡ್ ಕಟರ್ ಅಲ್ವಾ, ಹತ್ತು ನಿಮಿಷದ ಕೆಲಸ. ಹುಲ್ಲಿನ ಜೊತೆ ನೆಲದ ಸೀತಾಳೆಯ, ಅಂದರೆ ಆರ್ಕಿಡ್ ಗಿಡದ, ಹೂಗೊನೆಗಳೂ ಹೋಗಿದ್ದವು. ತಪ್ಪು ಹುಡುಗನದಲ್ಲ, ನಾನು ಹೇಳಿಯೇ ಇರಲಿಲ್ಲ.

ಸೀತಾಳೆ ಅಂದರೆ ನಮಗೆಲ್ಲ ಮರದ ಮೇಲಿನದೇ ನೆನಪಾಗುವುದು. ಮಳೆಗಾಲದ ಬಾಗಿಲಲ್ಲಿ ಹಲಸು, ಮಾವಿನ ಕೊಂಬೆಯಿಂದ ಇಳಿಬಿದ್ದ ಗುಲಾಬಿ ಚುಕ್ಕೆಯ ದಂಡೆ. ಅಸ್ಸಾಮಿನ ಹೆಣ್ಣುಮಕ್ಕಳು ಬಿಹು ಹಬ್ಬಕ್ಕೆ ಮುಡಿಯುವುದೂ ಇದನ್ನೇ. ಆದರೆ ನೆಲದಲ್ಲಿ, ಹುಲ್ಲಿನ ನಡುವೆ ಬೆಳೆಯುವ ಸೀತಾಳೆಗಳೂ ನಮ್ಮಲ್ಲಿ ಬೇಕಾದಷ್ಟಿವೆ. ಸಸ್ಯಶಾಸ್ತ್ರದವರು ಹಬೆನೇರಿಯ ಅನ್ನುವ ಗುಂಪು.

ನಮ್ಮ ಬ್ಯಾಣದಲ್ಲಿ ಮೊದಲು ಮುಖ ತೋರಿಸುವುದು ಒಂಟಿ ಎಲೆಯದು. ಮುಂಗಾರು ಹಿಡಿದ ಮೇಲೆ ಒಂದು ದಿನ ನೋಡಿದರೆ, ನೆಲಕ್ಕೆ ಅಂಟಿಸಿಟ್ಟ ಹಾಗೆ ದುಂಡನೆಯ ಒಂದು ಎಲೆ. ಮಳೆ ಹನಿ ಬಿದ್ದರೂ ಅಲ್ಲಾಡುವುದಿಲ್ಲ. ಅದರ ನಡುವಿನಿಂದ ಒಂದು ಕಡ್ಡಿ, ಕಡ್ಡಿಯ ತುದಿಗೆ ಬಿಳಿ ಹೂ. ಬಗ್ಗಿದರೆ ಸಾಲದು, ಮೊಣಕಾಲೂರಿಯೇ ನೋಡಬೇಕು. ಮಳೆ ಸ್ವಲ್ಪ ತಗ್ಗುವ ಹೊತ್ತಿಗೆ ಇನ್ನೊಂದು ಬರುತ್ತದೆ, ಇದು ಎತ್ತರದ್ದು. ಹೂವಿನ ಹಿಂದೆ ದಾರದಂಥ ಕೊಳವೆ ಜೋತು ಬಿದ್ದಿರುತ್ತದೆ. ಒಮ್ಮೆ ಅಳತೆಪಟ್ಟಿ ಹಿಡಿದೆ, 10 ಸೆಂಟಿಮೀಟರ್ ದಾಟಿತು! ಮಕರಂದ ಇರುವುದು ಆ ಕೊಳವೆಯ ತಳದಲ್ಲಿ. ಅಷ್ಟುದ್ದದ ನಾಲಿಗೆ ಇರುವ ರಾತ್ರಿಯ ಪತಂಗಕ್ಕೆ ಮಾತ್ರ ಅದು ಎಟುಕುತ್ತದೆ.

ಇದನ್ನು ಮನೆ ಮುಂದಿನ ಕುಂಡಕ್ಕೆ ತರಬೇಕೆಂಬ ಆಸೆ ನನಗೂ ಬಂದಿತ್ತು. ಹೂ ಬಿಟ್ಟ ಗಿಡವನ್ನೇ ಅಗೆದೆ. ಬುಡದಲ್ಲಿ ಎರಡು ಗಡ್ಡೆ. ಒಂದು ಹೋದ ವರ್ಷದ್ದು, ಸುಕ್ಕುಗಟ್ಟುತ್ತಿತ್ತು. ಇನ್ನೊಂದು ಬಿಳಿ, ಎಳೆಯದು. ಹಳೆಯದು ತನ್ನ ಸತ್ವ ಕೊಟ್ಟು ಹೂ ಬಿಡಿಸುತ್ತದೆ, ಹೊಸದು ಬರುವ ವರ್ಷಕ್ಕೆ ತುಂಬಿಕೊಳ್ಳುತ್ತದೆ. ನಡುವೆ ಕಿತ್ತರೆ ಎರಡೂ ಇಲ್ಲ. ನನ್ನ ಕುಂಡದಲ್ಲಿ ಹೂ ಒಂದು ವಾರ ಇತ್ತು, ಆಮೇಲೆ ಬರೀ ಮಣ್ಣು.

ಬೀಜ ಹಾಕಿ ಬೆಳೆಸಬಹುದಲ್ಲ ಅಂತ ನೀವು ಕೇಳಬಹುದು. ಸೀತಾಳೆಯ ಕಾಯಿ ಒಡೆದರೆ ಹೊರಬರುವುದು ಹುಡಿ. ಊದಿದರೆ ಹಾರಿಹೋಗುತ್ತದೆ. ರಾಗಿ ಕಾಳಿನೊಳಗೂ ಮೊಳಕೆಗೆ ಬುತ್ತಿ ಇರುತ್ತದೆ, ಇದರೊಳಗೆ ಅದೂ ಇಲ್ಲ. ಮಣ್ಣಿನಲ್ಲಿರುವ ಒಂದು ಬಗೆಯ ಶಿಲೀಂಧ್ರ ಬಂದು ಸೇರಿಕೊಂಡು ಉಣಿಸಿದರಷ್ಟೇ ಅದು ಮೊಳೆಯುತ್ತದೆ. ಇದನ್ನು 1899ರಲ್ಲಿ ಫ್ರಾನ್ಸಿನ ನೋಯೆಲ್ ಬರ್ನಾರ್ ಎಂಬ ವಿಜ್ಞಾನಿ ಕಂಡುಕೊಂಡರು. ಅಲ್ಲಿಯವರೆಗೆ ದೊಡ್ಡ ದೊಡ್ಡ ತೋಟಗಾರರೂ ಬೀಜ ಚೆಲ್ಲಿ ಕಾದು ಸುಸ್ತಾಗುತ್ತಿದ್ದರು.

ಹಾಗಾದರೆ ದಾರಿ? ನಮ್ಮ ಹಿರಿಯರಿಗೆ ಸೀತಾಳೆಯ ಯೋಚನೆಯೇ ಇರಲಿಲ್ಲ, ಅವರಿಗೆ ಬೇಕಿದ್ದದ್ದು ದನಕ್ಕೆ ಕರಡ, ಅಂದರೆ ಬ್ಯಾಣದ ಒಣಹುಲ್ಲು. ಮಳೆಗಾಲವಿಡೀ ಬ್ಯಾಣಕ್ಕೆ ಬೇಲಿ ಹಾಕಿ, ದನ ಹೊಗ್ಗೊಡದೆ, ದೀಪಾವಳಿ ಕಳೆದು ಹುಲ್ಲು ಒಣಗಿದ ಮೇಲೆ ಕೊಯ್ಯುತ್ತಿದ್ದರು. ಅಷ್ಟರಲ್ಲಿ ಸೀತಾಳೆ ಹೂ ಬಿಟ್ಟು, ಕಾಯಿ ಒಡೆದು, ಎಲೆ ಒಣಗಿ, ಹೊಸ ಗಡ್ಡೆಯಾಗಿ ಮಣ್ಣೊಳಗೆ ಮಲಗಿರುತ್ತಿತ್ತು. ಕತ್ತಿ ಅದರ ತಲೆಯ ಮೇಲೆ ಹಾಯುತ್ತಿತ್ತು, ಅಷ್ಟೆ. ಇಂಗ್ಲೆಂಡಿನ ಗ್ರೇಟ್ ಡಿಕ್ಸ್ಟರ್ ಎಂಬ ಹೆಸರಾಂತ ಹೂದೋಟದಲ್ಲೂ ಹುಲ್ಲಿನ ನಡುವೆ ಆ ಊರಿನ ಸೀತಾಳೆಗಳಿವೆ. ಅವರೂ ಬೀಜ ಉದುರಿದ ಮೇಲೆಯೇ ಹುಲ್ಲು ಕೊಯ್ಯುತ್ತಾರೆ. ನಮ್ಮಜ್ಜನ ಲೆಕ್ಕವೇ, ತಿಂಗಳು ಮಾತ್ರ ಬೇರೆ.

ಹಾಗಾಗಿ ಈಗ ನಾನು ಮಾಡುವುದು ಬಹಳ ಕಡಿಮೆ. ಗೊಬ್ಬರ ಹಾಕುವುದಿಲ್ಲ. ಹಾಕಿದರೆ ಹುಲ್ಲು ಸೊಕ್ಕಿ ಸಣ್ಣ ಗಿಡಗಳನ್ನು ಮುಚ್ಚಿಬಿಡುತ್ತದೆ. ಕೊಯ್ದ ಹುಲ್ಲನ್ನು ಅಲ್ಲೇ ಬಿಡದೆ ಕೊಟ್ಟಿಗೆಗೆ ಒಯ್ಯುತ್ತೇನೆ. ಲಂಟಾನ, ಯುಪಟೋರಿಯಂ ತಲೆ ಎತ್ತಿದರೆ ಕೈಯಲ್ಲೇ ಕೀಳುತ್ತೇನೆ, ಕಳೆನಾಶಕ ಮಾತ್ರ ಬೇಡವೇ ಬೇಡ. ಇಷ್ಟಕ್ಕೇ ತುಂಬೆ ಬಂತು. ಬೇಲಿಗೆ ಗೌರಿ ಹೂ ತಾನಾಗಿ ಹಬ್ಬಿತು. ಹಾಂ, ಅದರ ಗಡ್ಡೆ ವಿಷ, ಮಕ್ಕಳಿರುವ ಮನೆಯವರು ಜೋಪಾನ. ಮೂಲೆಯಲ್ಲಿ ಸದಾ ಜಿನುಗು ನೀರಿರುವ ಕಲ್ಲುಚಪ್ಪಡಿ ಇದೆ. ಅಲ್ಲಿ ಕಾಳಿನಷ್ಟು ಸಣ್ಣ ನೀಲಿ ಹೂಗಳ ಒಂದು ಗಿಡ. ನೋಡಲು ಪಾಪ, ಆದರೆ ಬುಡದಲ್ಲಿ ಪುಟ್ಟ ಚೀಲಗಳನ್ನಿಟ್ಟುಕೊಂಡು ನೀರಿನ ಹುಳಗಳನ್ನು ಹಿಡಿದು ತಿನ್ನುತ್ತದೆ!

ಮರದ ಸೀತಾಳೆ ಬೇಕೆನ್ನುವವರು ಕಾಡಿನಿಂದ ಕಿತ್ತು ತರುವುದು ಬೇಡ. ಗಾಳಿಮಳೆಗೆ ನಿಮ್ಮ ತೋಟದಲ್ಲೇ ಮುರಿದು ಬಿದ್ದ ಕೊಂಬೆಗಳನ್ನು ನೋಡಿ, ಅದರ ಮೇಲೆ ಒಂದಾದರೂ ಇರುತ್ತದೆ. ಹಲಸಿನ ಮರಕ್ಕೆ ಬಾಳೆ ನಾರಿನಲ್ಲಿ ಕಟ್ಟಿ. ನಾರು ಕೊಳೆಯುವಷ್ಟರಲ್ಲಿ ಬೇರು ತೊಗಟೆ ಹಿಡಿದಿರುತ್ತದೆ.

ಆ ವೀಡ್ ಕಟರಿನ ಹುಡುಗ ಈಗಲೂ ನಮ್ಮಲ್ಲಿಗೆ ಬರುತ್ತಾನೆ. ಕಳೆದ ವಾರ ಅವನೇ ಬಂದು ಕರೆದ, "ಅಯ್ಯಾ, ಇಲ್ಲೊಂದು ಎಲೆ ಇದೆ ನೋಡಿ." ಬೇಲಿ ದಾಟುವ ದಣಪೆಯ ಹತ್ತಿರ, ನಾವು ದಿನಾ ತುಳಿಯುವ ಕಾಲುದಾರಿಯಲ್ಲೇ ದುಂಡನೆಯ ಒಂಟಿ ಎಲೆ. ಸುತ್ತ ನಾಲ್ಕು ಕಡ್ಡಿ ನೆಟ್ಟಿದ್ದಾನೆ. ನಾವೀಗ ಆ ಕಡೆಯಿಂದ ಸುತ್ತು ಹಾಕಿ ಓಡಾಡುತ್ತಿದ್ದೇವೆ.

ನಮಸ್ಕಾರ.