‘ಸ್ಲೀಪ್ 30’ ಹಾಕೋರಿಗೆ ನನ್ನದೊಂದು ತಕರಾರು

ಮಷಿನ್ ರೀಬೂಟ್ ಆಯ್ತು, ಸರ್ವಿಸ್ (ಹಿನ್ನೆಲೆಯಲ್ಲಿ ಓಡೋ ಪ್ರೋಗ್ರಾಮ್) ಏಳಲಿಲ್ಲ. ಲಾಗಿನ್ ಆಗಿ ಕೈಯಾರೆ ಸ್ಟಾರ್ಟ್ ಕೊಟ್ರೆ ಏನೂ ಆಗೇ ಇಲ್ಲವೇನೋ ಅನ್ನೋ ಹಾಗೆ ಓಡುತ್ತೆ. ಲಿನಕ್ಸ್ ಸರ್ವರ್ ನೋಡ್ಕೊಳ್ಳೋರಿಗೆ ಇದೇನೂ ಹೊಸದಲ್ಲ. ಆಗ ಬಹಳ ಜನ ಮಾಡೋದೇನು? ಸ್ಟಾರ್ಟ್‌ಗೆ ಮುಂಚೆ ನೆಟ್‌ವರ್ಕ್ ಬರಲಿ ಅಂತ ಒಂದು ‘ಸ್ಲೀಪ್ 30’ (30 ಸೆಕೆಂಡ್ ಸುಮ್ಮನೆ ಕಾಯೋ ಕಮಾಂಡ್) ತುರುಕಿ ಕೈತೊಳ್ಕೊಳ್ಳೋದು. ಆ 30 ಸೆಕೆಂಡ್ ಲೆಕ್ಕ ಎಲ್ಲಿಂದ ಬಂತು ಸ್ವಾಮಿ? ಯಾರೂ ಅಳೆದಿರಲ್ಲ. ಮಷಿನ್‌ಗೆ ಐಪಿ ವಿಳಾಸ ಕೊಡೋ ಡಿಎಚ್‌ಸಿಪಿ ತಡವಾದ ದಿನ ಅದು ಸಾಲಲ್ಲ, ಉಳಿದ ದಿನವೆಲ್ಲ ಸುಮ್ಮನೆ ದಂಡ.

ಮೊದಲು ಲಾಗ್ ತೆಗೀರಿ. ಲಾಗ್ ತೋರಿಸೋ ಜರ್ನಲ್‌ಸಿಟಿಎಲ್ ಕಮಾಂಡ್‌ಗೆ ಮೈನಸ್ ಬಿ, ಮೈನಸ್ ಯು, ಆಮೇಲೆ ಸರ್ವಿಸ್ ಹೆಸರು. ಈ ಬೂಟ್‌ನಲ್ಲಿ ಅದಕ್ಕೇನಾಯ್ತು ಅನ್ನೋದಷ್ಟೇ ಕಾಣುತ್ತೆ. ‘ಕೆನಾಟ್ ಅಸೈನ್ ರಿಕ್ವೆಸ್ಟೆಡ್ ಅಡ್ರೆಸ್’ ಅಂತಿದ್ರೆ, ಇಂಟರ್‌ಫೇಸ್‌ಗೆ ಇನ್ನೂ ಬಂದಿರದ ಐಪಿ ಮೇಲೆ ಸರ್ವಿಸ್ ಬೈಂಡ್ ಆಗೋಕೆ (ಆ ವಿಳಾಸ ಹಿಡಿದು ಕೂರೋಕೆ) ಹೋಗಿದೆ. ‘ಟೆಂಪರರಿ ಫೇಲ್ಯೂರ್ ಇನ್ ನೇಮ್ ರೆಸಲ್ಯೂಷನ್’ ಅಂತಿದ್ರೆ ಹೆಸರಿಗೆ ಐಪಿ ಹುಡುಕಿಕೊಡೋ ಡಿಎನ್‌ಎಸ್‌ನಿಂದ ಉತ್ತರ ಸಿಕ್ಕಿಲ್ಲ. ಎರಡೂ ಬೇರೆ ಬೇರೆ ರೋಗ, ಒಂದೇ ಗುಳಿಗೆ ಕೊಡಬೇಡಿ.

ಈಗ ಯೂನಿಟ್ ಫೈಲ್ ತೆರೆದು ನೋಡಿ. ಸರ್ವಿಸ್‌ಗಳನ್ನ ಎಬ್ಬಿಸಿ ನಿಲ್ಲಿಸೋ ಸಿಸ್ಟಮ್‌ಡಿಗೆ ಈ ಸರ್ವಿಸ್ ಹೇಗೆ ಓಡಬೇಕು ಅಂತ ಹೇಳೋ ಫೈಲ್ ಅದು. ‘ಆಫ್ಟರ್’ ಸಾಲಿನಲ್ಲಿ ನೆಟ್‌ವರ್ಕ್ ಟಾರ್ಗೆಟ್ (ಟಾರ್ಗೆಟ್ ಅಂದ್ರೆ ಬೂಟ್‌ನ ಒಂದು ಹಂತ) ಅಂತ ಇರುತ್ತೆ. ಅದನ್ನ ನೋಡಿ, ನೆಟ್‌ವರ್ಕ್ ಬಂದ ಮೇಲೇ ತಾನೇ ಶುರುವಾಗ್ತಿರೋದು ಅಂತ ನಂಬಿ ಕೂತಿರ್ತೀವಿ. ಆದ್ರೆ ಬೂಟ್ ಹೊತ್ತಲ್ಲಿ ಆ ಟಾರ್ಗೆಟ್ ಕೊಡೋ ಭರವಸೆ ತೀರಾ ಕಡಿಮೆ. ನೆಟ್‌ವರ್ಕ್ ನೋಡ್ಕೊಳ್ಳೋ ಸಾಫ್ಟ್‌ವೇರ್ ಎದ್ದಿದೆ, ಅಷ್ಟೇ. ಐಪಿ ಸಿಕ್ಕಿರಲೇಬೇಕು ಅಂತಿಲ್ಲ. ಅದರ ನಿಜವಾದ ಉಪಯೋಗ ಶಟ್‌ಡೌನ್‌ನಲ್ಲಿ: ನೆಟ್‌ವರ್ಕ್ ಇಳಿಯೋ ಮುಂಚೆ ನಿಮ್ಮ ಸರ್ವಿಸ್ ನಿಲ್ಲುತ್ತೆ.

ಐಪಿ ಬರೋವರೆಗೂ ಕಾಯಬೇಕು ಅಂದ್ರೆ ನೆಟ್‌ವರ್ಕ್-ಆನ್‌ಲೈನ್ ಟಾರ್ಗೆಟ್ ಬೇಕು. ಅದನ್ನ ‘ಆಫ್ಟರ್’ನಲ್ಲಿ ಬರೆದ್ರೆ ಮಾತ್ರ ಸಾಲದು, ‘ವಾಂಟ್ಸ್’ನಲ್ಲೂ ಬರೀಬೇಕು. ಸಿಸ್ಟಮ್‌ಡಿಯಲ್ಲಿ ಸರದಿ ಬೇರೆ, ಅವಲಂಬನೆ ಬೇರೆ. ‘ಆಫ್ಟರ್’ ಯಾರನ್ನೂ ಕರೆಯಲ್ಲ, ಬಂದವರನ್ನ ಸಾಲಲ್ಲಿ ನಿಲ್ಲಿಸುತ್ತೆ; ಕರೆಯೋದು ‘ವಾಂಟ್ಸ್’. ಇಷ್ಟೆಲ್ಲ ಬರೆದರೂ ಕೆಲಸ ಆಗ್ತಿಲ್ವಾ? ನೆಟ್‌ವರ್ಕ್ ಬರೋವರೆಗೂ ಆ ಟಾರ್ಗೆಟ್ಟನ್ನ ತಡೆದು ನಿಲ್ಲಿಸೋ ವೇಟ್-ಆನ್‌ಲೈನ್ ಸರ್ವಿಸ್ ಎನೇಬಲ್ ಆಗಿದೆಯಾ ನೋಡಿ. ನೆಟ್‌ವರ್ಕ್ ನೋಡ್ಕೊಳ್ಳೋ ಸಾಫ್ಟ್‌ವೇರ್‌ಗಳಲ್ಲಿ ನೆಟ್‌ವರ್ಕ್‌ಮ್ಯಾನೇಜರ್‌ಗೆ ಒಂದು, ನೆಟ್‌ವರ್ಕ್‌ಡಿಗೆ ಇನ್ನೊಂದು. ನೀವು ಬಳಸ್ತಿರೋದರದ್ದು ಎನೇಬಲ್ ಇಲ್ಲದಿದ್ರೆ ಟಾರ್ಗೆಟ್ ಯಾರಿಗೂ ಕಾಯದೆ ಮುಂದೆ ಹೋಗುತ್ತೆ.

ಇದರ ಉಲ್ಟಾ ಕಾಟವೂ ಇದೆ. ನೆಟ್‌ವರ್ಕ್‌ಡಿಯ ವೇಟ್-ಆನ್‌ಲೈನ್, ತಾನು ನೋಡ್ಕೊಳ್ಳೋ ಎಲ್ಲ ಲಿಂಕ್‌ಗಳಿಗೂ ಕಾಯುತ್ತೆ. ಕೇಬಲ್ ಹಾಕದ ಎರಡನೇ ಪೋರ್ಟ್ ಕಾನ್ಫಿಗರೇಷನ್‌ನಲ್ಲಿದ್ರೆ ಬೂಟ್ 120 ಸೆಕೆಂಡ್ ನಿಂತಲ್ಲೇ ನಿಲ್ಲುತ್ತೆ. ಆ ಲಿಂಕ್‌ಗೆ ‘ರಿಕ್ವೈರ್ಡ್ ಫಾರ್ ಆನ್‌ಲೈನ್’ ಅನ್ನೋದನ್ನ ‘ನೋ’ ಮಾಡಿ. ಹೊತ್ತು ಎಲ್ಲಿ ಹೋಯ್ತು ಅನ್ನೋದನ್ನ ಸಿಸ್ಟಮ್‌ಡಿ-ಅನಲೈಜ್ ಕ್ರಿಟಿಕಲ್-ಚೈನ್ ತೋರಿಸುತ್ತೆ.

ನನ್ನ ಕೇಳಿದ್ರೆ, ಇದೆಲ್ಲ ಮಾಡೋ ಮುಂಚೆ ಸರ್ವಿಸ್ ಬರೆದವರನ್ನ ಹಿಡ್ಕೊಂಡು ಕೇಳಬೇಕು. ಬೂಟ್ ಹೊತ್ತಲ್ಲಿ ನೆಟ್‌ವರ್ಕ್ ಇಲ್ಲ ಅಂತ ಸಾಯೋ ಪ್ರೋಗ್ರಾಮ್, ನಡುರಾತ್ರಿ ನೆಟ್‌ವರ್ಕ್ ಸ್ವಿಚ್ ಒಂದು ನಿಮಿಷ ಹೋದಾಗ ಏನು ಮಾಡುತ್ತೆ? ಆಗ ಯಾವ ಟಾರ್ಗೆಟ್ಟೂ ಕೈಹಿಡಿಯಲ್ಲ. ಒಂದೇ ಐಪಿಗೆ ಅಂಟಿಕೊಳ್ಳೋ ಬದಲು 0.0.0.0 (ಅಂದ್ರೆ ಮಷಿನ್‌ನ ಎಲ್ಲ ವಿಳಾಸ) ಮೇಲೆ ಬೈಂಡ್ ಮಾಡಿ, ಯಾರನ್ನ ಒಳಗೆ ಬಿಡಬೇಕು ಅನ್ನೋದನ್ನ ಫೈರ್‌ವಾಲ್‌ಗೆ ಬಿಡಿ. ಅದೇ ಐಪಿ ಬೇಕೇ ಬೇಕು ಅಂದ್ರೆ ‘ಐಪಿ ಫ್ರೀಬೈಂಡ್’ ಸಾಕೆಟ್ ಆಪ್ಷನ್ ಇದೆ, ವಿಳಾಸ ಬರೋ ಮುಂಚೆಯೇ ಬೈಂಡ್ ಆಗಬಹುದು.

ಕೋಡ್ ಮುಟ್ಟೋಕಾಗಲ್ಲ ಅನ್ನೋರಿಗೆ ಯೂನಿಟ್ ಫೈಲ್‌ನಲ್ಲಿ ‘ರೀಸ್ಟಾರ್ಟ್ ಆನ್-ಫೇಲ್ಯೂರ್’ (ಸತ್ತರೆ ಮತ್ತೆ ಎಬ್ಬಿಸು) ಇದೆ. ಅದನ್ನಷ್ಟೇ ಬರೆದು ಬಿಟ್ಟೀರಿ ಮತ್ತೆ! ತಾನಾಗೇ ಇರೋ ಅಂತರ 100 ಮಿಲಿಸೆಕೆಂಡ್, ಮಿತಿ 10 ಸೆಕೆಂಡ್‌ಗೆ 5 ಸಲ. ಎದ್ದ ಕೂಡಲೇ ಸಾಯೋ ಸರ್ವಿಸ್ ಆ ಐದನ್ನೂ ಕಣ್ಮುಚ್ಚಿ ತೆರೆಯೋದ್ರೊಳಗೆ ಮುಗಿಸಿ, ‘ಸ್ಟಾರ್ಟ್ ರಿಕ್ವೆಸ್ಟ್ ರಿಪೀಟೆಡ್ ಟೂ ಕ್ವಿಕ್ಲಿ’ ಅಂತ ಬರೆಸಿ ಮಲಗಿಬಿಡುತ್ತೆ. ಆ ಅಂತರ ಹೇಳೋ ‘ರೀಸ್ಟಾರ್ಟ್ ಸೆಕ್’ 5 ಅಂತ ಹಾಕಿ. ಆ ಮಿತಿ ಮುಟ್ಟೋದೇ ಇಲ್ಲ, ಐಪಿ ಬರೋ ತನಕ ಪ್ರಯತ್ನ ನಡೀತಾನೇ ಇರುತ್ತೆ. ಬದಲಾವಣೆಯನ್ನ ಸಿಸ್ಟಮ್‌ಸಿಟಿಎಲ್ ಎಡಿಟ್‌ನಲ್ಲಿ ಮಾಡಿ. ಪ್ಯಾಕೇಜ್ ತಂದ ಮೂಲ ಫೈಲ್‌ಗೆ ಕೈಹಾಕಿದ್ರೆ ಮುಂದಿನ ಅಪ್‌ಡೇಟ್‌ನಲ್ಲಿ ಎಲ್ಲಾ ಹೋಗುತ್ತೆ.