ನೆಲಮಾಳಿಗೆಯ ಕೋಣೆಗೆ ಎರಡನೇ ದಾರಿ

ಕೇಳುಗರಿಗೆ ನಮಸ್ಕಾರ.

ನೆಂಟರ ಮನೆಯ ನೆಲಮಾಳಿಗೆಯಲ್ಲಿ ಒಂದು ರಾತ್ರಿ ಮಲಗಿದ್ದೆ. ಹೊಸದಾಗಿ ಸಜ್ಜು ಮಾಡಿಸಿದ ಚೆಂದದ ಕೋಣೆ. ದೀಪ ಆರಿಸಿದ ಮೇಲೆ ತಲೆಗೆ ಹೊಳೆಯಿತು: ಈಗ ಮೇಲೆ ಅಡುಗೆಮನೆಗೆ ಬೆಂಕಿ ಬಿದ್ದರೆ ಏನು ಗತಿ? ಎದ್ದು ಕತ್ತಲಲ್ಲೇ ಕಿಟಕಿ ತಡಕಾಡಿದೆ. ಮೊದಲು ಬಟ್ಟೆ ಒಣಹಾಕುವ ಸ್ಟ್ಯಾಂಡು ಕಾಲಿಗೆ ಸಿಕ್ಕಿತು, ಆಮೇಲೆ ಪುಸ್ತಕದ ಕಪಾಟು ಅಡ್ಡ ಬಂತು. ಅದರ ಹಿಂದೆ ಕೈ ತೂರಿಸಿದರೆ ಚಿಲಕ ಅಲುಗಲೊಲ್ಲದು. ಬಣ್ಣ ಬಳಿದವರು ಚಿಲಕಕ್ಕೂ ಚೌಕಟ್ಟಿಗೂ ಸೇರಿಸಿ ಬಳಿದುಬಿಟ್ಟಿದ್ದರು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ನೆಲಮಾಳಿಗೆಗೆ ಹೆಚ್ಚಾಗಿ ಇರುವುದು ಒಂದೇ ಮೆಟ್ಟಿಲು. ಬೆಂಕಿ ಕೆಳಗೆ ಹೊತ್ತಿಕೊಂಡರೆ ಬಿಸಿ ಹೊಗೆಯೆಲ್ಲ ಆ ಮೆಟ್ಟಿಲ ಹಾದಿಯಲ್ಲೇ ಮೇಲೇರುತ್ತದೆ. ಮೇಲೆ ಹೊತ್ತಿಕೊಂಡರೆ, ಮೆಟ್ಟಿಲು ಹತ್ತಿದವರು ನೇರ ಬೆಂಕಿಯ ಬಾಯಿಗೇ ಬರುತ್ತಾರೆ. ಅದಕ್ಕೇ ಅಲ್ಲಿ ಕಿಟಕಿ ಬೇಕು, ಮನುಷ್ಯರು ತೂರಿ ಬರುವಂಥ ಕಿಟಕಿ.

ಅಮೆರಿಕದಲ್ಲಿ ಮಾದರಿಯಾಗಿ ಬಳಸುವ ವಸತಿ ಕಟ್ಟಡ ಸಂಹಿತೆ ಇದಕ್ಕೆ ಅಳತೆ ಕೊಟ್ಟಿದೆ. ಕಿಟಕಿ ತೆರೆದಾಗ ಸಿಗುವ ಜಾಗ ಸಾಮಾನ್ಯವಾಗಿ 5.7 ಚದರ ಅಡಿ ಇರಬೇಕು, ಹೊರಗಿನ ನೆಲಮಟ್ಟಕ್ಕೆ ಹತ್ತಿರದ ಕಿಟಕಿಗೆ 5 ಸಾಕು. ಅಗಲ 20 ಇಂಚಿಗೂ ಎತ್ತರ 24 ಇಂಚಿಗೂ ಕಡಿಮೆ ಆಗಕೂಡದು. ಎಷ್ಟೋ ಜನ ಎಡವುವುದು ಇಲ್ಲೇ. 20ಕ್ಕೆ 24 ಇಂಚಿನ ಕಿಟಕಿ ತಂದು ಕೂರಿಸುತ್ತಾರೆ. ಗುಣಿಸಿ ನೋಡಿ, ಅದು ಬರೀ 3.3 ಚದರ ಅಡಿ! ಅಗಲ 20 ಇಂಚೇ ಆದರೆ, 5.7 ಚದರ ಅಡಿ ಬರಲು ಎತ್ತರ 41 ಇಂಚು ದಾಟಬೇಕು. ಇದು ಗಾಜಿನ ಅಳತೆಯೂ ಅಲ್ಲ. ಪಕ್ಕಕ್ಕೆ ಜಾರುವ ಕಿಟಕಿಯಾದರೆ ತೆರೆಯುವುದು ಅರ್ಧವೇ. ಇಷ್ಟು ದೊಡ್ಡದು ಯಾಕೆ ಅಂದರೆ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡ ಅಗ್ನಿಶಾಮಕ ಸಿಬ್ಬಂದಿಯೂ ಅದರಲ್ಲೇ ಒಳಗೆ ಬರಬೇಕು. ಕಿಟಕಿಯ ಕೆಳ ಅಂಚು ನೆಲದಿಂದ 44 ಇಂಚಿಗಿಂತ ಮೇಲೆ ಇರಕೂಡದು. ಕೀಲಿ, ಸ್ಕ್ರೂಡ್ರೈವರ್ ಯಾವುದೂ ಬೇಡದೆ ಒಳಗಿನಿಂದ ತೆರೆಯಬೇಕು.

ಬೆಳಿಗ್ಗೆ ಮನೆಯವರೂ ನಾನೂ ಸೇರಿ ಬ್ಲೇಡಿನಿಂದ ಬಣ್ಣ ಕೆರೆದು ಕಿಟಕಿ ತೆರೆದೆವು. ನೆಲಮಟ್ಟಕ್ಕಿಂತ ಕೆಳಗಿರುವ ಕಿಟಕಿ ತೆರೆಯಲೆಂದು ಅದರ ಹೊರಗೆ ತೋಡಿದ್ದ ಗುಂಡಿಯಲ್ಲಿ ಮೊಣಕಾಲುದ್ದ ತರಗೆಲೆ. ಗುಂಡಿಯ ಮೇಲೊಂದು ಜಾಲರಿ ಮುಚ್ಚಳ, ಅದರ ಮೇಲೆ ಮಣ್ಣು ತುಂಬಿದ ಹೂಕುಂಡ. ಒಳಗಿನಿಂದ ಎಷ್ಟು ತಳ್ಳಿದರೂ ಮುಚ್ಚಳ ಏಳಲಿಲ್ಲ. ಗುಂಡಿ 44 ಇಂಚಿಗಿಂತ ಆಳವಿದ್ದರೆ ಗೋಡೆಗೆ ಏಣಿಯನ್ನೂ ಜೋಡಿಸಿರಬೇಕು. ಅಲ್ಲಿ ಅದೂ ಇರಲಿಲ್ಲ.

ಹೊಗೆಯ ಅಲಾರಂ ಕೋಣೆಯ ಒಳಗೊಂದು, ಹೊರಗೊಂದು ಇರಲಿ. ಮನೆಯ ಅಲಾರಂಗಳೆಲ್ಲ ಒಂದಕ್ಕೊಂದು ಜೋಡಣೆಯಾಗಿರಬೇಕು, ಮೇಲಿನದು ಕೂಗಿದರೆ ಕೆಳಗಿನದೂ ಕೂಗಬೇಕು. ನಿದ್ದೆಯಲ್ಲಿದ್ದವರನ್ನು ಹೊಗೆಯ ವಾಸನೆ ಎಬ್ಬಿಸುತ್ತದೆ ಎಂದು ನಂಬಬೇಡಿ. ತಿಂಗಳಿಗೊಮ್ಮೆ ಅಲಾರಂನ ಪರೀಕ್ಷೆಯ ಬಟನ್ ಒತ್ತಿ ನೋಡಿ, 10 ವರ್ಷಕ್ಕೆ ಅಲಾರಂನ್ನೇ ಬದಲಿಸಿ. ಮನೆ ಬೆಚ್ಚಗಿಡಲು ಗ್ಯಾಸ್ ಉರಿಸುವ ಫರ್ನೇಸ್ ಇದ್ದರೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಕೂಡ ಬೇಕು. ಆ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಚಳಿ ತಡೆಯಲು ಗೋಡೆಗೆ ಹಚ್ಚಿದ, ಬೆಂಕಿ ಹಿಡಿಯುವ ಫೋಮ್ ಹಾಳೆಯನ್ನು ಹಾಗೇ ಬಿಡಬೇಡಿ, ಅರ್ಧ ಇಂಚಿನ ಜಿಪ್ಸಂ ಹಲಗೆಯಿಂದ ಮುಚ್ಚಿಸಿ.

ಇಷ್ಟೆಲ್ಲ ಆದ ಮೇಲೆ, ಆ ಕೋಣೆಯಲ್ಲಿ ಮಲಗುವವರನ್ನೇ ಕರೆದು, ದೀಪ ಆರಿಸಿ, ಕಿಟಕಿ ತೆರೆದು ಹೊರಗೆ ಹತ್ತಿ ಬನ್ನಿ ಅನ್ನಿ. ನೀವು ಕೈ ಹಾಕಬೇಡಿ. ಮಗುವಿಗೆ ಚಿಲಕ ಎಟುಕದಿದ್ದರೆ, ಅಜ್ಜಿಗೆ ಹತ್ತಲಾಗದಿದ್ದರೆ, ಅವರ ಹಾಸಿಗೆಯನ್ನು ಇವತ್ತೇ ಮೇಲಕ್ಕೆ ಸಾಗಿಸಿ.

ನಮಸ್ಕಾರ.